ಅಂಗಡಿಗೆ ನೀರು ನುಗ್ಗಿದೆ, ಹಳೇ ಸಾಮಾನು ಉಳಿಸಿಕೊಳ್ಳುವುದು ಹೇಗೆ? (ಚಿಕ್ಕಮಗಳೂರು)

ಹಳೇಅಂಗಡಿ_ಚಿಕ್ಕಮಗಳೂರು
ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಪೇಟೆಯಲ್ಲಿ ನಮ್ಮದೊಂದು ಚಿಕ್ಕ ಹಳೇ ಸಾಮಾನಿನ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ಆರು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಹೆಂಚಿನ ಕಟ್ಟಡ, ಮುಂದೊಂದು ಕೋಣೆ, ಹಿಂದೊಂದು ಕೋಣೆ, ಮೇಲೆ ಅಟ್ಟ. ಶನಿವಾರ ರಾತ್ರಿ ಪುನರ್ವಸು ಮಳೆ ಹೊಡೆದ ರೀತಿ ಊರಿನವರಿಗೆಲ್ಲ ಗೊತ್ತು. ಭಾನುವಾರ ನಮಗೆ ರಜೆ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಹಿಂದಿನ ಕೋಣೆಯಲ್ಲಿ ಕಣಕಾಲು ಮುಳುಗುವಷ್ಟು ನೀರು, ಅಟ್ಟದ ಹಲಗೆ ಸಂದಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

ಕಾರಣ ಗೊತ್ತಿದೆ. ಪಕ್ಕದ ಕಟ್ಟಡದವರು ಬೇಸಿಗೆಯಲ್ಲಿ ತಾರಸಿ ಕೆಲಸ ಮಾಡಿಸಿದಾಗ ಮಳೆನೀರಿನ ಪೈಪನ್ನು ನಮ್ಮ ಹೆಂಚಿನ ಕಡೆಗೇ ತಿರುಗಿಸಿದರು. ಎರಡು ಸಲ ಹೋಗಿ ಹೇಳಿದ್ದೆ. ನಮ್ಮ ಎರಡು ಚಾವಣಿ ಸೇರುವ ಕಡೆ ತಗಡಿನ ದೋಣಿ ಇದೆ, ಅದರಲ್ಲಿ ಎಲೆ ಕಟ್ಟಿಕೊಂಡಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆಸದೇ ಬಿಟ್ಟಿದ್ದು ನಾನು. ಎರಡೂ ಸೇರಿ ಹೀಗಾಯಿತು. ಜಗಳ ಆಮೇಲೆ ನೋಡೋಣ, ಈಗ ಸಾಮಾನು ಉಳಿಯಬೇಕು.

ನೆನೆದಿರುವುದು ಒಂದು ಬೀಟೆ ಮೇಜು, ತೇಗದ ಬೀರು, ಎರಡು ವಾಲ್ವ್ ರೇಡಿಯೋ (ಒಳಗೆ ಬಲ್ಬಿನಂಥ ಗಾಜಿನ ವಾಲ್ವ್ ಇರುವ ಹಳೇ ರೇಡಿಯೋ), ಲೋಲಕದ ಗೋಡೆ ಗಡಿಯಾರ, ಎಂಟು ಹತ್ತು ಎಚ್‌ಎಂಟಿ ಕೈಗಡಿಯಾರ ಇದ್ದ ಡಬ್ಬ, ಒಂದು ಟ್ರಂಕು ತುಂಬ ಪುಸ್ತಕ ಮತ್ತು ಹಳೇ ಮಾಸಿಕಗಳು, ಸುಮಾರು ಇನ್ನೂರು ಗ್ರಾಮಫೋನ್ ತಟ್ಟೆ. ಹಿತ್ತಾಳೆ, ತಾಮ್ರ, ಪಿಂಗಾಣಿ ಬಗ್ಗೆ ಚಿಂತೆ ಇಲ್ಲ, ತೊಳೆದರೆ ಆಯಿತು.

ಎಲ್ಲಕ್ಕಿಂತ ಹೊಟ್ಟೆ ಉರಿಯುತ್ತಿರುವುದು ಎರಡು ಫೋಟೋಗಳಿಗೆ. ಅವು ನನ್ನವಲ್ಲ. ಮೂಡಿಗೆರೆ ಕಡೆಯ ಒಬ್ಬ ಅಜ್ಜಿ ಹೊಸ ಚೌಕಟ್ಟು ಹಾಕಿಸಿಕೊಡಮ್ಮ ಅಂತ ಬಿಟ್ಟುಹೋಗಿದ್ದರು. ಒಂದು ಅವರ ಮದುವೆಯದು, ಇನ್ನೊಂದು ಅವರ ತಂದೆಯದು, ಕೈಯಲ್ಲಿ ಬಣ್ಣ ಹಾಕಿದ್ದು. ಎರಡೂ ಗಾಜಿಗೆ ಅಂಟಿಕೊಂಡಿವೆ. ನಾನಿನ್ನೂ ಕೈ ಹಚ್ಚಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ. ರಾತ್ರಿಯೇ ಕೆಲಸ ಶುರು ಮಾಡಲು ತಯಾರಿದ್ದೇನೆ.


ಕಾಮನಬಿಲ್ಲು77
ಸೋಮವಾರ, ರಾತ್ರಿ 10:58

ಅಯ್ಯೋ, ಅಕ್ಕ, ಓದಿ ತುಂಬ ಬೇಜಾರಾಯಿತು. ನಾಳೆ ಬಿಸಿಲು ಬಿದ್ದ ಕೂಡಲೇ ಎಲ್ಲ ಹೊರಗೆ ಹರಡಿ. ಬಿಸಿಲು ಬರದಿದ್ದರೆ ಎರಡು ರೂಮ್ ಹೀಟರ್ ತಂದು ಬಾಗಿಲು ಹಾಕಿ ಬಿಸಿ ಮಾಡಿ. ಎಷ್ಟು ಬೇಗ ಒಣಗುತ್ತೋ ಅಷ್ಟು ಒಳ್ಳೆಯದು.


ಕಾಫಿಕಣ
ಸೋಮವಾರ, ರಾತ್ರಿ 11:20

ಮೇಲಿನವರು ಒಳ್ಳೇ ಮನಸ್ಸಿನಿಂದ ಹೇಳಿದ್ದಾರೆ, ಆದರೆ ಹಾಗೆ ಮಾತ್ರ ಮಾಡಬೇಡಿ ತಂಗಿ.

ನಾನು ತೋಟದವನು, ಆಲ್ದೂರು ಕಡೆ. ಒಣಗಿಸುವುದೇ ನಮ್ಮ ಅರ್ಧ ಬದುಕು. ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಹಣ್ಣಿನ ತಿರುಳು ತೆಗೆದು ಸಿಪ್ಪೆ ಉಳಿಸಿದ ಬೀಜವನ್ನು, ಕಣದಲ್ಲಿ ಹರಡಿದರೆ ಮಧ್ಯಾಹ್ನದ ಖಾರ ಬಿಸಿಲಿಗೆ ಮುಚ್ಚಿಡುತ್ತೇವೆ. ಮುಚ್ಚದಿದ್ದರೆ ಮೇಲಿನ ಸಿಪ್ಪೆ ಪಟಪಟ ಅಂತ ಒಡೆಯುತ್ತೆ, ಒಳಗಿನ ಬೀಜ ಇನ್ನೂ ಹಸಿಯೇ ಇರುತ್ತೆ. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಕೈಯಾಡಿಸಬೇಕು. ಶೇ. 10ರ ಆಸುಪಾಸಿಗೆ ತೇವ ಇಳಿಸಲು ದಿನಗಟ್ಟಲೆ ಬೇಕು, ಒಂದು ದಿನದಲ್ಲಿ ಇಳಿಸಿದರೆ ಮಾಲು ಹಾಳು. ಮರ, ಕಾಗದ, ಚರ್ಮ ಎಲ್ಲದರ ಗುಣವೂ ಅದೇ. ಹೊರಮೈ ಬೇಗ ಒಣಗಿ ಕುಗ್ಗುತ್ತೆ, ಒಳಗೆ ನೀರು ಉಬ್ಬಿಕೊಂಡೇ ಇರುತ್ತೆ. ಆ ಎರಡರ ಎಳೆದಾಟದಲ್ಲಿ ಸೀಳುತ್ತೆ.

ನೀರು ಮಾಡುವ ಹಾಳು ಅರ್ಧ. ಅವಸರದಲ್ಲಿ ಒಣಗಿಸಿ ನಾವು ಮಾಡುವ ಹಾಳು ಇನ್ನರ್ಧ. ನೆರಳು, ಗಾಳಿ, ತಾಳ್ಮೆ ಬೇಕು. ಫ್ಯಾನ್ ಹಾಕಿ, ಆದರೆ ಸಾಮಾನಿನ ಮುಖಕ್ಕೆ ಹಿಡಿಯಬೇಡಿ, ಗೋಡೆ ಕಡೆ ತಿರುಗಿಸಿ. ಕೋಣೆಯೊಳಗೆ ಗಾಳಿ ಸುತ್ತಿದರೆ ಸಾಕು.

ಇನ್ನೊಂದು ಮಾತು. ಈ ಮಳೆಗಾಲದಲ್ಲಿ ಕಿಟಕಿ ತೆಗೆದರೆ ಒಣಗುತ್ತೆ ಅನ್ನುವುದು ಸುಳ್ಳು. ಹೊರಗಿನ ಗಾಳಿಯೇ ಹಸಿ. ಮಳೆ ಬಿಟ್ಟ ಹೊತ್ತಿಗೆ ಮಾತ್ರ ತೆಗೆಯಿರಿ. ಆಸ್ಪತ್ರೆ, ಸ್ಟುಡಿಯೋ, ಹೋಮ್‌ಸ್ಟೇ ನಡೆಸುವವರ ಹತ್ತಿರ ಗಾಳಿಯ ತೇವ ಎಳೆಯುವ ಯಂತ್ರ ಇರುತ್ತೆ. ನಮ್ಮ ಪರಿಚಯದವರದ್ದೊಂದು ಇದೆ. ನಾಳೆ ಬೆಳಿಗ್ಗೆ ಜೀಪಿನಲ್ಲಿ ಹಾಕಿಕೊಂಡು ಬರುತ್ತೇನೆ. ಅಂಗಡಿ ಎಲ್ಲಿ ಅಂತ ಖಾಸಗಿಯಾಗಿ ಬರೆಯಿರಿ.


ವಾಲ್ವ್‌ರೇಡಿಯೋ_ಹಾಸನ
ಸೋಮವಾರ, ರಾತ್ರಿ 11:34

ಮೇಡಂ, ಮೊದಲು ಮೇನ್ ಸ್ವಿಚ್ ಆಫ್ ಮಾಡಿದ್ದೀರಾ? ಕಾಲಡಿ ನೀರಿರುವಾಗ ಫ್ಯಾನ್ ಮಾತೇ ಬೇಡ. ಲೈನ್‌ಮನ್ ಬಂದು ನೋಡಿ ಹೋದ ಮೇಲೆ ಬೇರೆ ಕಡೆಯಿಂದ ವೈರ್ ಎಳೆದು ಫ್ಯಾನ್ ಹಾಕಿ. ಗೋಡೆಯೊಳಗಿನ ವೈರಿಂಗ್ ಸದ್ಯಕ್ಕೆ ಬೇಡ.

ರೇಡಿಯೋ ವಿಷಯ. ಏನೇ ಆದರೂ ಪ್ಲಗ್ ಹಾಕಬೇಡಿ. ಒಂದು ಸಲ ನೋಡೋಣ ಅಂತ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ, ಆಮೇಲೆ ಆ ರೇಡಿಯೋ ಬರೀ ಪೆಟ್ಟಿಗೆ. ಹಿಂದಿನ ರಟ್ಟು ತೆಗೆಯಿರಿ. ವಾಲ್ವ್‌ಗಳನ್ನು ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದುಕೊಂಡು ಬಿಚ್ಚಿಡಿ. ಸ್ಪೀಕರಿನ ಕಾಗದ ನೆನೆದಿದ್ದರೆ ಮುಟ್ಟಬೇಡಿ, ಮಲಗಿಸಿಡಿ, ತಾನಾಗಿ ಒಣಗಲಿ.

ತುಂಬ ಜನ ಮಾಡುವ ತಪ್ಪು ಒಂದಿದೆ. ಸ್ಟೇಷನ್ ಹೆಸರಿರುವ ಗಾಜನ್ನು ಬಟ್ಟೆಯಲ್ಲಿ ಒರೆಸುತ್ತಾರೆ. ಆ ಅಕ್ಷರ ಗಾಜಿನ ಹಿಂಬದಿಗೆ ಬಣ್ಣದಲ್ಲಿ ಅಚ್ಚಾಗಿರುತ್ತೆ. ಒದ್ದೆ ಇರುವಾಗ ಒರೆಸಿದರೆ ಕೊಲಂಬೋ, ದೆಹಲಿ, ಮದರಾಸು ಎಲ್ಲ ಬಟ್ಟೆಗೆ ಬರುತ್ತೆ. ಒಮ್ಮೆ ಹೋದರೆ ಹೋಯಿತು. ಅದಕ್ಕೆ ಗಾಳಿ ಮಾತ್ರ.

ಕಡಿಮೆ ಅಂದರೂ ಮೂರು ನಾಲ್ಕು ವಾರ ಒಣಗಲಿ. ಆಮೇಲೆ ನಾನು ನೋಡುತ್ತೇನೆ.

ಎಚ್‌ಎಂಟಿ ಕೈಗಡಿಯಾರಗಳಿಗೆ ಮಾತ್ರ ಇದರ ತದ್ವಿರುದ್ಧ. ಅಲ್ಲಿ ಕಾಯಬಾರದು. ಕೀ ಕೊಡಬೇಡಿ, ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಗಡಿಯಾರ ರಿಪೇರಿಯವರ ಮುಂದೆ ಇಡಿ. ಕೂದಲಿನಂಥ ಸ್ಪ್ರಿಂಗಿಗೆ ತುಕ್ಕು ಬಂದರೆ ಮುಗಿಯಿತು. ಜನತಾ ಮಾದರಿ ಇದ್ದರೆ ಭಾಗ ಇನ್ನೂ ಸಿಗುತ್ತೆ, ಹೆದರಬೇಡಿ.


ಪುಸ್ತಕದ_ಹುಳು
ಮಂಗಳವಾರ, ಬೆಳಿಗ್ಗೆ 5:50

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಈಗಷ್ಟೇ ಎದ್ದು ನೋಡಿದೆ. ಒದ್ದೆ ಕಾಗದಕ್ಕೆ 48 ಗಂಟೆ ದಾಟಿದರೆ ಬೂಷ್ಟು ಶುರುವಾಗುತ್ತೆ. ನಿಮಗೆ ಶನಿವಾರ ರಾತ್ರಿಯಿಂದ ಲೆಕ್ಕ, ಅಂದರೆ ಸಮಯ ಮೀರಿದೆ. ಆದ್ದರಿಂದ ಪುಸ್ತಕ ಒಣಗಿಸಲು ಹೋಗಬೇಡಿ. ಫ್ರೀಜರಿಗೆ ಹಾಕಿ.

ತಮಾಷೆ ಅಲ್ಲ. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದಿಲ್ಲ. ನಿಮಗೆ ತಿಂಗಳುಗಟ್ಟಲೆ ಪುರುಸೊತ್ತು ಸಿಗುತ್ತೆ. ಆಮೇಲೆ ನಾಲ್ಕು ನಾಲ್ಕು ತೆಗೆದು ಒಣಗಿಸಿಕೊಳ್ಳಬಹುದು. 1966ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್ ಊರಿಗೆ ಆರ್ನೋ ನದಿ ನುಗ್ಗಿ ಅಲ್ಲಿನ ದೊಡ್ಡ ಗ್ರಂಥಾಲಯ ಮುಳುಗಿತಲ್ಲ, ನೆನೆದ ಪುಸ್ತಕ ಉಳಿಸುವ ವಿದ್ಯೆ ಜಗತ್ತಿನಲ್ಲಿ ಬೆಳೆದಿದ್ದೇ ಅದರ ನಂತರ.

ಪುಸ್ತಕ ಬಿಚ್ಚಿ ನೋಡಬೇಡಿ. ಮುಚ್ಚಿದ ಹಾಗೇ ಹಿಡಿದು ಮೇಲಿನ ಕೆಸರನ್ನು ಶುದ್ಧ ನೀರಿನಲ್ಲಿ ತೊಳೆಯಿರಿ, ಹಗುರವಾಗಿ ನೀರು ಇಳಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೆನ್ನು ಕೆಳಗೆ ಬರುವಂತೆ ನಿಲ್ಲಿಸಿಡಿ. ಹೊಳಪು ಕಾಗದದ ಮಾಸಿಕಗಳು ಮೊದಲು ಹೋಗಲಿ. ಅವು ಒದ್ದೆಯಾಗಿ ಹಾಗೇ ಒಣಗಿದರೆ ಹಾಳೆಗಳು ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ, ಬ್ರಹ್ಮ ಬಂದರೂ ಬಿಡಿಸಲಾಗುವುದಿಲ್ಲ. ತೆಗೆದು ಒಣಗಿಸುವಾಗ ಮಧ್ಯೆ ಮಧ್ಯೆ ಇಡಲು ಖಾಲಿ ನ್ಯೂಸ್‌ಪ್ರಿಂಟ್ ಬೇಕು. ಅಚ್ಚಾದ ಪತ್ರಿಕೆ ಬೇಡ, ಅದರ ಶಾಯಿ ಹತ್ತುತ್ತೆ.

ನಿಮ್ಮಲ್ಲಿ ಹಳೇ ತಾಳೆಗರಿ ಏನಾದರೂ ಇದೆಯಾ? ಇದ್ದರೆ ಬೇರೆಯಾಗಿ ಹೇಳಿ.


ಹಳೇಅಂಗಡಿ_ಚಿಕ್ಕಮಗಳೂರು
ಮಂಗಳವಾರ, ರಾತ್ರಿ 9:15

ನಿಮ್ಮೆಲ್ಲರಿಗೂ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಬೆಳಿಗ್ಗೆ ಏಳಕ್ಕೇ ಕಾಫಿಕಣ ಅಣ್ಣ ಯಂತ್ರ ತಂದು ಬಾಗಿಲಲ್ಲಿ ನಿಂತಿದ್ದರು. ಅವರ ತೋಟದ ಇಬ್ಬರು ಆಳುಗಳು ನೀರು ಹೊರಹಾಕಿ, ಬೀರುವಿನ ಕಾಲಡಿ ಇಟ್ಟಿಗೆ ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಕೋಣೆ ಖಾಲಿ ಮಾಡಿಕೊಟ್ಟರು. ಯಂತ್ರದ ಡಬ್ಬಿಯಲ್ಲಿ ಸಂಜೆಯೊಳಗೆ ಎರಡು ಸಲ ನೀರು ತುಂಬಿತು. ಅಷ್ಟು ನೀರು ಬರೀ ಗಾಳಿಯಲ್ಲಿತ್ತು!

ಪುಸ್ತಕಗಳು ನಮ್ಮ ಮನೆ ಫ್ರಿಜ್ಜಿನಲ್ಲಿ ಹಿಡಿಯಲಿಲ್ಲ. ನಮ್ಮ ಬೀದಿಯ ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿದೆ. ಮಳೆಗಾಲ ಅಂತ ಅವರ ಒಂದು ದೊಡ್ಡ ಫ್ರೀಜರ್ ಖಾಲಿ ಇತ್ತು. ಕೇಳಿದ ತಕ್ಷಣ ಒಪ್ಪಿಕೊಂಡರು. 63 ಕವರು ಹೋದವು.

ಕೈಗಡಿಯಾರ ಒಂಬತ್ತನ್ನೂ ಬಸವನಹಳ್ಳಿ ಕಡೆಯ ರಿಪೇರಿ ತಾತನ ಮುಂದೆ ಇಟ್ಟೆ. ಅವರು ಬೇರೆ ಕೆಲಸ ಬದಿಗಿಟ್ಟು ಒಂದೊಂದೇ ಬಿಚ್ಚಿದರು. ಒಂದು ಜನತಾ ಬಿಚ್ಚಿದಾಗ ಒಳಗಿನಿಂದ ಎರಡು ಹನಿ ನೀರು ಅವರ ಬೆರಳ ಮೇಲೆ ಬಿತ್ತು. ಕೆಂಪು ಬಣ್ಣದ ನೀರು. ತುಕ್ಕು ಆಗಲೇ ಶುರುವಾಗಿತ್ತು. "ಇವತ್ತು ತಂದಿದ್ದಕ್ಕೆ ಬದುಕ್ತು ಕಣಮ್ಮ, ನಾಳೆ ತಂದಿದ್ರೆ ನಾನೇನೂ ಮಾಡಕ್ಕಾಗ್ತಿರಲಿಲ್ಲ" ಅಂದರು.

ತಾಳೆಗರಿ ಒಂದು ಕಟ್ಟು ಇದೆ ಮೇಡಂ, ಅದು ಮುಂದಿನ ಕೋಣೆಯಲ್ಲಿತ್ತು, ಒದ್ದೆಯಾಗಿಲ್ಲ. ಅಪ್ಪನ ಕಾಲದಿಂದ ಇದೆ, ಮಾರಾಟಕ್ಕೆ ಇಟ್ಟಿಲ್ಲ.

ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೂ ಒದ್ದೆ ಬಟ್ಟೆ ಸುತ್ತಿಟ್ಟಿದ್ದೇನೆ. ಭಯವಾಗುತ್ತಿದೆ.


ಕತ್ತಲಕೋಣೆ
ಮಂಗಳವಾರ, ರಾತ್ರಿ 9:52

ಫೋಟೋ ನಾನು ಹೇಳುತ್ತೇನೆ. ಮೂವತ್ತು ವರ್ಷ ಸ್ಟುಡಿಯೋ ನಡೆಸಿದ್ದೇನೆ, ಡಾರ್ಕ್‌ರೂಮ್ ಕಾಲದವನು. ಒದ್ದೆಯಾಗಿಟ್ಟಿದ್ದು ತುಂಬ ಒಳ್ಳೆಯದಾಯಿತು. ಅದು ಗಾಜಿನ ಮೇಲೆ ಒಣಗಿದರೆ ಫೋಟೋದ ಮೇಲ್ಪದರ ಗಾಜಿನದೇ ಆಗಿಬಿಡುತ್ತೆ.

ಈಗಲೇ, ಈ ರಾತ್ರಿಯೇ, ಗಾಜಿನ ಮೇಲಿಂದ ಮೊಬೈಲಿನಲ್ಲಿ ಎರಡನ್ನೂ ಚೆನ್ನಾಗಿ ತೆಗೆದುಕೊಳ್ಳಿ. ಫ್ಲಾಷ್ ಬೇಡ, ಎರಡು ಬದಿಯಿಂದ ದೀಪ ಕೊಡಿ, ನೇರ ಮೇಲಿನಿಂದ ತೆಗೆಯಿರಿ. ಏನೇ ಆದರೂ ಅಜ್ಜಿಗೆ ಅದೊಂದು ಉಳಿಯುತ್ತೆ.

ಮದುವೆ ಫೋಟೋ ಬರೀ ಕಪ್ಪು ಬಿಳುಪಾದರೆ ಗಾಜಿನ ಸಮೇತ ತಣ್ಣೀರಿನ ತಟ್ಟೆಯಲ್ಲಿ ಮುಳುಗಿಸಿ. ಬಿಸಿ ನೀರು ಬೇಡ, ಮೇಲ್ಪದರ ಜೆಲಟಿನ್, ಕರಗಿಹೋಗುತ್ತೆ. ಬಿಡಿಸಲು ಹೋಗಬೇಡಿ. ಸುಮ್ನೆ ಕಾಯಿರಿ. ನೀರೇ ಬಿಡಿಸುತ್ತೆ. ತೇಲಿ ಬಂದ ಮೇಲೆ ಅಂಚು ಹಿಡಿದು ಎತ್ತಿ, ಚಿತ್ರದ ಮೇಲೆ ಬೆರಳು ತಾಗಬಾರದು, ಮುಖ ಮೇಲೆ ಮಾಡಿ ಒಣಗಲು ಬಿಡಿ.

ತಂದೆಯ ಫೋಟೋ ಕೈಬಣ್ಣದ್ದು ಅಂದಿರಲ್ಲ, ಅದನ್ನು ಮುಳುಗಿಸಬೇಡಿ. ಆ ಕಾಲದಲ್ಲಿ ಕೆಲವರು ಎಣ್ಣೆ ಬಣ್ಣ ಹಾಕುತ್ತಿದ್ದರು, ಕೆಲವರು ನೀರು ಬಣ್ಣ. ನೀರು ಬಣ್ಣವಾದರೆ ಪೇಟದ ಕೆಂಪು, ಶಾಲಿನ ಅಂಚು ಎಲ್ಲ ತಟ್ಟೆಯಲ್ಲಿ ತೇಲುತ್ತೆ. ಗಾಜಿನಿಂದ ಹೊರಗಿರುವ ಒಂದು ಮೂಲೆ ಸಿಕ್ಕರೆ ಒದ್ದೆ ಹತ್ತಿಯ ತುದಿ ತಾಗಿಸಿ ನೋಡಿ. ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಗಾಜಿನ ಜೊತೆಯೇ ಒಣಗಿಸಿ, ಹಾಗೇ ಚೌಕಟ್ಟು ಹಾಕಿಸಿ. ಗಾಜಿಗೆ ಅಂಟಿದ ಫೋಟೋ ನೋಡಲು ಸಿಗುತ್ತೆ, ತೊಳೆದುಹೋದ ಫೋಟೋ ಸಿಗುವುದಿಲ್ಲ.


ಹಳೇಅಂಗಡಿ_ಚಿಕ್ಕಮಗಳೂರು
ಬುಧವಾರ, ಬೆಳಗಿನ ಜಾವ 2:10

ಬರೆಯದೇ ಮಲಗಲಾಗಲಿಲ್ಲ.

ಮದುವೆ ಫೋಟೋವನ್ನು ಅಮ್ಮನ ದೊಡ್ಡ ಸ್ಟೀಲ್ ಪರಾತದಲ್ಲಿ ಇಟ್ಟೆ. ಹತ್ತೂವರೆಗೆ. ಹನ್ನೊಂದೂವರೆ ತನಕ ಏನೂ ಇಲ್ಲ. ಅಮ್ಮ ಪಕ್ಕದಲ್ಲಿ ಕೂತು ನೀರು ಬದಲಾಯಿಸುತ್ತಿದ್ದರು. ಹನ್ನೆರಡರ ಹೊತ್ತಿಗೆ ಬಲಗಡೆ ಕೆಳಮೂಲೆಯಲ್ಲಿ ಒಂದು ಬೆಳ್ಳಗಿನ ಗೆರೆ ಕಾಣಿಸಿತು, ಗಾಜಿಗೂ ಕಾಗದಕ್ಕೂ ನಡುವೆ ನೀರು ಹೋಗುತ್ತಿತ್ತು. ಆ ಗೆರೆ ಒಂದು ಬೆರಳಗಲ ಸರಿಯಲು ಅರ್ಧ ಗಂಟೆ. ಕೈ ಕಡಿಯುತ್ತಿತ್ತು, ಎಳೆದುಬಿಡೋಣ ಅನಿಸಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಒಂದೂವರೆಗೆ ಮದುಮಗಳ ಬಾಸಿಂಗ, ಆಮೇಲೆ ಮುಖ, ಆಮೇಲೆ ಕೈ, ಹೀಗೆ ಒಂದೊಂದೇ ಗಾಜು ಬಿಟ್ಟು ಬಂತು. ಎಡ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹೋಗಿದೆ, ಅಲ್ಲಿ ಬರೀ ಗೋಡೆ ಇತ್ತು. ಮುಖಗಳೆಲ್ಲ ಇವೆ.

ತಂದೆಯವರ ಫೋಟೋಗೆ ಹತ್ತಿ ತಾಗಿಸಿದೆ. ತುದಿ ನಸುಗೆಂಪಾಯಿತು. ನೀವು ಹೇಳಿದಂತೆ ಅಲ್ಲೇ ನಿಲ್ಲಿಸಿದೆ. ಅದು ಗಾಜಿನ ಜೊತೆಯೇ ಇರಲಿ.


ಬಾಚಿ_ಉಳಿ
ಬುಧವಾರ, ಮಧ್ಯಾಹ್ನ 1:30

ಮರಗೆಲಸದವನು, ಬೇಲೂರು. ಇಲ್ಲಿ ಎಲ್ಲ ಚೆನ್ನಾಗಿ ಹೇಳಿದ್ದಾರೆ. ಮರದ ಬಗ್ಗೆ ನಾಲ್ಕು ಮಾತು.

ಬೀಟೆ ಮೇಜಿನ ಮೇಲೆ ಬಿಳೀ ಮಂಜು ಕವಿದ ಹಾಗೆ ಆಗಿದೆಯಾ? ಆಗಿದ್ದರೆ ಗಾಬರಿ ಬೇಡ. ಹಿಂದಿನ ಪಾಲಿಶ್ ಅಂದರೆ ಅರಗು ಮತ್ತು ಸ್ಪಿರಿಟ್. ತೇವ ಹಿಡಿದರೆ ಅರಗು ಬೆಳ್ಳಗಾಗುತ್ತೆ. ಮರ ಕೆಟ್ಟಿಲ್ಲ. ಯಾರಾದರೂ ಉಜ್ಜುವ ಮೆಷಿನ್ ಹಿಡಿದು ಪಾಲಿಶ್ ಎಬ್ಬಿಸೋಣ ಅಂದರೆ ಒಳಗೆ ಬಿಡಬೇಡಿ. ಎರಡು ತಿಂಗಳು ಒಣಗಲಿ, ಆಮೇಲೆ ಸ್ಪಿರಿಟ್ ತಾಗಿಸಿದ ಬಟ್ಟೆ ಉಂಡೆಯಲ್ಲಿ ಹಗುರವಾಗಿ ಸವರಿದರೆ ಅದೇ ಹೊಳಪು ವಾಪಸ್ ಬರುತ್ತೆ. ನೂರು ವರ್ಷದ ಮೇಲ್ಮೈಯನ್ನು ಉಜ್ಜಿ ಹೊಸದು ಮಾಡಿದರೆ ಆಮೇಲೆ ಅದು ಹಳೇ ಮೇಜೇ ಅಲ್ಲ.

ಬೀರುವಿನ ಡ್ರಾಯರ್ ಉಬ್ಬಿ ಸಿಕ್ಕಿಕೊಂಡಿರುತ್ತೆ. ಎಳೆಯಬೇಡಿ. ಹಿಂದಿನ ಹಲಗೆ ಬಿಚ್ಚಿ, ಒಳಗೆ ಗಾಳಿ ಹೋಗಲಿ, ಕುಗ್ಗಿದ ಮೇಲೆ ತಾನೇ ಬರುತ್ತೆ. ಕೀಲುಗಳು ಬಿಟ್ಟಿದ್ದರೆ ಒಳ್ಳೆಯದೇ. ಆಗಿನ ಅಂಟು ಪ್ರಾಣಿಗಳ ಚರ್ಮ ಮೂಳೆ ಬೇಯಿಸಿ ಮಾಡಿದ್ದು, ನೀರಿಗೆ ಬಿಡುತ್ತೆ, ಮತ್ತೆ ಅದೇ ಅಂಟು ಹಾಕಿ ಕೂಡಿಸಬಹುದು. ಸಂದಿಯಲ್ಲಿ ಫೆವಿಕಾಲ್ ಸುರಿದು ಮೊಳೆ ಹೊಡೆಯಬೇಡಿ. ಮುಂದೆ ರಿಪೇರಿ ಮಾಡುವವನು ಬೈದುಕೊಳ್ಳುತ್ತಾನೆ.

ಮರಕ್ಕೆ ಬ್ಲೀಚಿಂಗ್ ಪುಡಿ ಹಚ್ಚಬೇಡಿ. ಬೂಷ್ಟು ಬಂದರೆ ಮುಖಕ್ಕೆ ಒಳ್ಳೇ ಮಾಸ್ಕ್ ಕಟ್ಟಿಕೊಂಡು, ಹೊರಗೆ ತಂದು, ಮೃದು ಬ್ರಷ್‌ನಲ್ಲಿ ತೆಗೆಯಿರಿ. ಕೋಣೆಯೊಳಗೆ ಕೊಡವಿದರೆ ಉಳಿದ ಸಾಮಾನಿಗೂ ಹಬ್ಬುತ್ತೆ.


ತಟ್ಟೆಮುಳ್ಳು
ಬುಧವಾರ, ಸಂಜೆ 6:05

ಮೇಲೆ ಸ್ಪಿರಿಟ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಗ್ರಾಮಫೋನ್ ತಟ್ಟೆಗೆ ಸ್ಪಿರಿಟ್ ತಾಗಿಸಲೇಬಾರದು! ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗಳಲ್ಲಿರುವುದೂ ಅದೇ ಅರಗು, ಸ್ಪಿರಿಟ್ ಬಿದ್ದರೆ ಗೀರೇ ಕರಗಿಹೋಗುತ್ತೆ. ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೃದು ಬ್ರಷ್, ಗೀರು ಹೋದ ದಿಕ್ಕಿನಲ್ಲೇ. ನಡುವಿನ ಲೇಬಲ್ ಮೇಲೆ ನೀರು ಬೀಳದ ಹಾಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿಯಿರಿ. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನೆರಳಿನಲ್ಲಿ. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಬೂಷ್ಟು ಹಿಡಿದ ಕವರ್ ಎಸೆಯುವ ಮುಂಚೆ ಫೋಟೋ ತೆಗೆದುಕೊಳ್ಳಿ, ಕೆಲವು ಕವರಿನ ಮೇಲೆ ಹಳೇ ಅಂಗಡಿಯ ಮುದ್ರೆ ಇರುತ್ತೆ, ನಮ್ಮಂಥವರಿಗೆ ಅದೇ ಚರಿತ್ರೆ.


ಲೆಕ್ಕಪತ್ರ
ಗುರುವಾರ, ಬೆಳಿಗ್ಗೆ 9:20

ಎಲ್ಲರೂ ಸಾಮಾನಿನ ಬಗ್ಗೆ ಹೇಳಿದ್ದೀರಿ, ದುಡ್ಡಿನ ಬಗ್ಗೆ ನಾನು ಹೇಳುತ್ತೇನೆ. ವಿಮೆ ಇದೆಯಾ ಮೇಡಂ? ಇದ್ದರೆ ವಿಮಾ ಕಂಪನಿಗೆ ಇವತ್ತೇ ತಿಳಿಸಿ, ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ತನಕ ಕೆಟ್ಟ ಸಾಮಾನನ್ನೂ ಎಸೆಯಬೇಡಿ. ಒಣಗಿಸುವುದನ್ನು ನಿಲ್ಲಿಸಬೇಕಿಲ್ಲ, ನಷ್ಟ ಜಾಸ್ತಿಯಾಗದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯವೇ. ಗೋಡೆಯ ಮೇಲೆ ನೀರು ನಿಂತ ಗೆರೆಯ ಫೋಟೋ ಬೇಕು, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು.

2021ರ ಏಪ್ರಿಲ್ 1ರಿಂದ ಚಿಕ್ಕ ವ್ಯಾಪಾರಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನುವ ಪಾಲಿಸಿ ಇದೆ, ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ. ಬಿರುಗಾಳಿ, ನೆರೆ, ಪೈಪು ಒಡೆದು ಆಗುವ ನಷ್ಟ ಅದರಲ್ಲಿ ಬರುತ್ತೆ. ಆದರೆ ನಿಮ್ಮಂಥ ಅಂಗಡಿಗೆ ಒಂದು ತೊಡಕು ಇರುತ್ತೆ. ಅಪರೂಪದ ವಸ್ತು, ಕಲಾಕೃತಿ, ಹಸ್ತಪ್ರತಿ ಇಂಥವನ್ನು ಬೇರೆಯಾಗಿ ಬರೆಸದಿದ್ದರೆ ಪೂರ್ತಿ ಬೆಲೆ ಸಿಗುವುದು ಕಷ್ಟ. ಪಾಲಿಸಿಯ ಸಣ್ಣ ಅಕ್ಷರ ಓದಿ. ಕ್ಲೇಮು ತಳ್ಳಿಹಾಕಿದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಅಜ್ಜಿಯ ಫೋಟೋ ಥರ ಬೇರೆಯವರು ಬಿಟ್ಟುಹೋದ ಸಾಮಾನಿಗೆ 1872ರ ಕರಾರು ಕಾಯ್ದೆಯ 151ನೇ ಕಲಂ ಇದೆ. ಸಾಮಾನ್ಯ ವಿವೇಕ ಇರುವವರು ತಮ್ಮ ಸ್ವಂತದ ಅಂಥದೇ ಸಾಮಾನನ್ನು ಅಂಥದೇ ಪರಿಸ್ಥಿತಿಯಲ್ಲಿ ಎಷ್ಟು ಜೋಪಾನ ಮಾಡುತ್ತಾರೋ ಅಷ್ಟು ಅದನ್ನೂ ಮಾಡಬೇಕು ಅನ್ನುವುದು ಅದರ ಅರ್ಥ. ನೀವು ಅದಕ್ಕಿಂತ ಜಾಸ್ತಿಯೇ ಮಾಡಿದ್ದೀರಿ.

ತಾಳೆಗರಿ ವಿಷಯಕ್ಕೆ ಒಂದು ಎಚ್ಚರಿಕೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು, ಹಸ್ತಪ್ರತಿಯಾದರೆ 75 ವರ್ಷ ದಾಟಿದ್ದು, ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಮಾರದೇ ಇಟ್ಟಿದ್ದು ಒಳ್ಳೆಯದಾಯಿತು.


ಪುಸ್ತಕದ_ಹುಳು
ಗುರುವಾರ, ಬೆಳಿಗ್ಗೆ 10:00

ಆ ತಾಳೆಗರಿಯನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ಒಮ್ಮೆ ತೋರಿಸಮ್ಮ. 1891ರಿಂದ ಇರುವ ಸಂಸ್ಥೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು ಅಲ್ಲೇ. ಯಾರೋ ತಂದು ಕೊಟ್ಟ ಕಟ್ಟಿನಲ್ಲಿ ಅದು ಇತ್ತು. ನಿಮ್ಮ ಕಟ್ಟಿನಲ್ಲಿ ಏನಿದೆಯೋ ಯಾರಿಗೆ ಗೊತ್ತು.


ಹಳೇಅಂಗಡಿ_ಚಿಕ್ಕಮಗಳೂರು
ಮೂರು ವಾರದ ನಂತರ

ಕೆಲಸದಲ್ಲಿ ಮುಳುಗಿ ಬರೆಯಲಾಗಲಿಲ್ಲ. ವಿಮೆ ಇತ್ತು, ಆದರೆ ಅಪ್ಪ ಮಾಡಿಸಿದ ಹಳೇ ಮೊತ್ತವೇ ಮುಂದುವರಿದಿತ್ತು. ಸ್ವಲ್ಪ ಬರುತ್ತೆ, ಪೂರ್ತಿ ಬರುವುದಿಲ್ಲ. ಪಕ್ಕದ ಕಟ್ಟಡದವರ ಬಗ್ಗೆ ನಗರಸಭೆಗೆ ಫೋಟೋ ಸಮೇತ ಅರ್ಜಿ ಕೊಟ್ಟೆ. ಬಂದು ನೋಡಿದರು. ಪೈಪು ಈಗ ಚರಂಡಿ ಕಡೆ ತಿರುಗಿದೆ. ಅವರ ಮನೆಯವರು ಒಂದು ದಿನ ಬಂದು ಮಾತಾಡಿಸಿ ಹೋದರು, ನಾನೂ ಮಾತಾಡಿಸಿದೆ.

ಗೋಡೆ ಮಾತ್ರ ನನಗೆ ಪಾಠ ಕಲಿಸಿತು. ಹಿಂದಿನ ಗೋಡೆ ಮಣ್ಣಿನದು. ಹತ್ತು ವರ್ಷದ ಹಿಂದೆ ಯಾರದೋ ಮಾತು ಕೇಳಿ ಕೆಳಗಿನ ಮೂರಡಿಗೆ ಸಿಮೆಂಟ್ ಮೆತ್ತಿಸಿದ್ದೆವು. ಸುಣ್ಣ ಬಳಿದ ಮೇಲ್ಭಾಗ ಎರಡು ವಾರದಲ್ಲಿ ಒಣಗಿತು, ಸಿಮೆಂಟಿನ ಭಾಗ ಇವತ್ತಿಗೂ ಬೆವರುತ್ತಿದೆ. ನೀರು ಒಳಗೇ ಸಿಕ್ಕಿಕೊಂಡಿದೆ. ಗಾರೆಯವರು ಬಂದು ಅದನ್ನು ಕೆತ್ತಿ ತೆಗೆಯುತ್ತಿದ್ದಾರೆ, ಸುಣ್ಣದ ಗಾರೆಯನ್ನೇ ಹಾಕಿಸುತ್ತೇನೆ.

ಒಂದು ವಿಷಯ ಕೇಳಬೇಕು. ನೆನೆದು ಒಣಗಿದ ಸಾಮಾನನ್ನು ಮಾರುವಾಗ ಏನು ಮಾಡುತ್ತೀರಿ?


ಹಳತುಹೊಳಪು
ಅದೇ ದಿನ, ರಾತ್ರಿ 8:30

ನಾನೂ ಇದೇ ವ್ಯಾಪಾರದಲ್ಲಿದ್ದೇನೆ, ಬೇರೆ ಊರು. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚೆನ್ನಾಗಿ ರಿಪೇರಿಯಾದ ಸಾಮಾನಿಗೆ ನೀರು ಬಿದ್ದಿತ್ತು ಅಂತ ಹೇಳಿದರೆ ಗಿರಾಕಿ ಅರ್ಧ ಬೆಲೆಗೆ ಕೇಳುತ್ತಾನೆ. ನೂರು ವರ್ಷದ ಮೇಜು ಯಾವಾಗಲೋ ಒಮ್ಮೆ ನೆನೆದೇ ಇರುತ್ತೆ, ಅಲ್ವಾ? ಕೇಳಿದರೆ ಹೇಳಿ, ನೀವಾಗಿ ಹೇಳಬೇಡಿ. ನಿಮಗೂ ಮನೆ ನಡೆಯಬೇಕು.


ಹಳೇಅಂಗಡಿ_ಚಿಕ್ಕಮಗಳೂರು
ಅದೇ ದಿನ, ರಾತ್ರಿ 9:10

ಅಣ್ಣ, ನಿಮ್ಮ ಮಾತಿನಲ್ಲಿ ಕಷ್ಟ ಇದೆ ಅಂತ ನನಗೆ ಗೊತ್ತು. ಎರಡು ರಾತ್ರಿ ಇದನ್ನೇ ಯೋಚಿಸಿದೆ. ಆದರೆ ಬೀರು ಕೊಂಡವರು ಅದನ್ನು ಒಣ ಊರಿಗೆ, ಚಿತ್ರದುರ್ಗಕ್ಕೋ ಬಳ್ಳಾರಿಗೋ ತೆಗೆದುಕೊಂಡು ಹೋದರೆ ಅಲ್ಲಿ ಇನ್ನೂ ಕುಗ್ಗುತ್ತೆ, ಸೀಳು ಬಿಡಬಹುದು. ಹೇಳಿದ್ದರೆ ಅವರು ಕಿಟಕಿ ಪಕ್ಕ ಇಡುತ್ತಿರಲಿಲ್ಲ. ರೇಡಿಯೋ ಕೊಂಡವರು ಗೊತ್ತಿಲ್ಲದೆ ಪ್ಲಗ್ ಹಾಕಿದರೆ ಏನಾದೀತು? ಇದು ಬೆಲೆಯ ಮಾತಷ್ಟೇ ಅಲ್ಲ, ಸಾಮಾನಿನ ಆಯಸ್ಸಿನ ಮಾತು.

ಹಾಗಾಗಿ ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟುತ್ತಿದ್ದೇನೆ. ಯಾವಾಗ ನೆನೆಯಿತು, ಎಷ್ಟು ದಿನ ಒಣಗಿಸಿದೆವು, ಏನು ರಿಪೇರಿ, ಯಾರ ಕೈಯಲ್ಲಿ, ಮುಂದೆ ಏನು ಮಾಡಬಾರದು. ಬೆಲೆ ಇಳಿದರೆ ಇಳಿಯಲಿ.


ಬಾಚಿ_ಉಳಿ
ಅದೇ ದಿನ, ರಾತ್ರಿ 9:40

ಚೀಟಿಯಲ್ಲಿ ಯಾವ ಅಂಟು ಹಾಕಿದ್ದು ಅಂತಲೂ ಬರೆಯಿರಿ. ಅದನ್ನು ನೋಡಿದರೆ ನನ್ನಂಥವನಿಗೆ ಅರ್ಧ ಕೆಲಸ ಕಡಿಮೆ. ಬೇಲೂರಿನಲ್ಲಿ ನನ್ನ ಹತ್ತಿರ ಬರುವ ಹಳೇ ಸಾಮಾನಿಗೆ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ಎಷ್ಟು ಮರ ಉಳಿಯುತ್ತಿತ್ತೋ.


ಹಳತುಹೊಳಪು
ಅದೇ ದಿನ, ರಾತ್ರಿ 10:15

ಒಣ ಊರಿನ ವಿಷಯ ನನಗೆ ಹೊಳೆದಿರಲಿಲ್ಲ. ಚೀಟಿಯ ಒಂದು ಫೋಟೋ ಹಾಕಿ ತಂಗಿ, ನಾನೂ ಹಾಗೇ ಮಾಡಿಸುತ್ತೇನೆ.


ಹಳೇಅಂಗಡಿ_ಚಿಕ್ಕಮಗಳೂರು
ಅಕ್ಟೋಬರ್, ಭಾನುವಾರ ಸಂಜೆ

ಹೆಂಚಿನ ಕೆಲಸ ಮುಗಿಯಿತು. 17 ಹೆಂಚು ಒಡೆದಿತ್ತು, ಎಲ್ಲ ಹಳೇ ಮಂಗಳೂರು ಹೆಂಚೇ ಹುಡುಕಿ ಹಾಕಿಸಿದೆ, ಹೊಸದು ಅಳತೆಗೆ ಕೂರಲಿಲ್ಲ. ದೋಣಿಗೆ ಜಾಲರಿ ಹಾಕಿದ್ದೇವೆ. ಮೇ ತಿಂಗಳಿಗೊಮ್ಮೆ, ಜುಲೈಗೊಮ್ಮೆ ಎಲೆ ತೆಗೆಯಲು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮುಂದೆ ನಮ್ಮ ಅಂಗಡಿಯಲ್ಲಿ ನೆಲಕ್ಕೆ ತಾಗಿ ಯಾವ ಸಾಮಾನೂ ಇರುವುದಿಲ್ಲ, ಎಲ್ಲಕ್ಕೂ ಅರ್ಧ ಅಡಿ ಕಟ್ಟೆ.

ಮೇಜಿನ ಬಿಳೀ ಮಂಜು ಹೋಯಿತು. ಡ್ರಾಯರ್ ತಾನಾಗಿಯೇ ಬಂತು, ಐವತ್ತೆಂಟನೇ ದಿನ. ಪುಸ್ತಕಗಳಲ್ಲಿ 41 ಚೆನ್ನಾಗಿ ಒಣಗಿವೆ, 13 ಸೊಟ್ಟಗಾಗಿವೆ ಆದರೆ ಓದಬಹುದು, ಉಳಿದ 9 ಮಾಸಿಕಗಳು ಫ್ರೀಜರಿಗೆ ಹೋಗುವ ಮುಂಚೆಯೇ ಅಂಟಿಕೊಂಡಿದ್ದವು. ಐಸ್‌ಕ್ರೀಮ್ ಅಂಗಡಿಯವರಿಗೆ ಒಂದು ಹಳೇ ಹಿತ್ತಾಳೆ ತಕ್ಕಡಿ ಕೊಟ್ಟೆ, ಬೇಡ ಬೇಡ ಅಂದರೂ.

ಹೋದ ವಾರ ಅಜ್ಜಿ ಬಂದಿದ್ದರು. ನಡೆದಿದ್ದನ್ನೆಲ್ಲ ಮೊದಲೇ ಹೇಳಿ ಆಮೇಲೆ ಫೋಟೋ ಕೊಟ್ಟೆ. ಮದುವೆ ಫೋಟೋದ ಹೋದ ಜಾಗ ತೋರಿಸಿದೆ. ಅವರು ಅದರ ಮೇಲೆ ಬೆರಳಿಟ್ಟು, "ಇಲ್ಲಿ ನಮ್ಮ ಚಿಕ್ಕಪ್ಪನ ನೆರಳು ಬಿದ್ದಿತ್ತು, ಅಷ್ಟೇ" ಅಂದರು. ತಂದೆಯವರ ಫೋಟೋವನ್ನು ಮಾತ್ರ ತುಂಬ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ದುಡ್ಡು ತೆಗೆದುಕೊಳ್ಳಲಿಲ್ಲ ನಾನು.

ಈಗ ಉಳಿದಿರುವುದು ದೊಡ್ಡ ರೇಡಿಯೋ ಒಂದೇ. ಹಾಸನದ ಅಣ್ಣ ಕಂಡೆನ್ಸರ್ ಬದಲಿಸಿ, ಮೊದಲ ಸಲ ಸೀರೀಸ್ ಬಲ್ಬಿನ (ಕರೆಂಟ್ ಜಾಸ್ತಿ ಹರಿಯದಂತೆ ದಾರಿಯಲ್ಲಿ ಜೋಡಿಸುವ ಬಲ್ಬು) ಮೂಲಕ ಕರೆಂಟ್ ಕೊಟ್ಟರು, ಬಲ್ಬು ಜೋರಾಗಿ ಉರಿದು ಮಂಕಾಯಿತು. ಹಾಗಾದರೆ ಸರಿ ಇದೆ ಅಂತ ಅರ್ಥವಂತೆ. ಹಾಡುತ್ತಿದೆ. ಆದರೆ ಸ್ಪೀಕರ್ ಮುಂದಿನ ಬಟ್ಟೆ ಕೊಳೆತುಹೋಯಿತು. ಕಂದು ಬಣ್ಣದ್ದು, ನಡುವೆ ಚಿನ್ನದ ಎಳೆ ಇತ್ತು. ಯಾರ ಹತ್ತಿರವಾದರೂ ಅಂಥ ಬಟ್ಟೆ ಒಂದಡಿ ಇದೆಯಾ?


ವಾಲ್ವ್‌ರೇಡಿಯೋ_ಹಾಸನ
ಅದೇ ದಿನ, ರಾತ್ರಿ 8:20

ನನ್ನ ಹತ್ತಿರ ಒಂದೂವರೆ ಅಡಿ ಇದೆ ಮೇಡಂ, ಹಳೇ ರೇಡಿಯೋದ್ದೇ, ತೊಳೆದು ಇಟ್ಟಿದ್ದೇನೆ. ಹಾಸನಾಂಬೆ ಬಾಗಿಲು ತೆಗೆಯುವ ಸಮಯ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅದಕ್ಕೆ ನಾನು ಬರುವುದಿಲ್ಲ. ನಾಳೆ ಬೆಳಿಗ್ಗೆ ಏಳರ ಚಿಕ್ಕಮಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳಿ. ಸುತ್ತಿ ಕಳಿಸುತ್ತೇನೆ, ಮಡಿಸಬೇಡಿ, ಎಳೆ ಮುರಿಯುತ್ತೆ.